ಹತ್ತೇ ಲೋಟ

ರಾತ್ರಿ ಒಂಬತ್ತೂವರೆ. ಅನ್ನಕ್ಕೆ ಬಿಸಿ ಸಾರು ಬಿದ್ದ ಹೊತ್ತಿಗೇ ಆಫೀಸಿನ ಹುಡುಗನ ಫೋನು. "ಸಾರ್, ಆ್ಯಪ್ ಸತ್ತಿಲ್ಲ, ಬದುಕೂ ಇಲ್ಲ. ಚಕ್ರ ತಿರುಗ್ತಾನೇ ಇದೆ."

ಸತ್ತಿದ್ದರೆ ವಾಸಿಯಿತ್ತು. ಡೇಟಾಬೇಸ್ ನಿಂತಿದ್ದರೆ 'ಕನೆಕ್ಷನ್ ರೆಫ್ಯೂಸ್ಡ್' ಅಂತ ತಕ್ಷಣ ಉತ್ತರ ಬರುತ್ತದೆ. ಸಾಲ ಕೇಳಲು ಹೋದರೆ ಬಾಗಿಲಲ್ಲೇ "ಇಲ್ಲ ಹೋಗಪ್ಪ" ಅನ್ನುವ ನೆಂಟನ ಹಾಗೆ. ಫೈರ್‌ವಾಲ್ ಇದೆಯಲ್ಲ, ಅದು ಒಳಗಿದ್ದೂ ದೀಪ ಆರಿಸಿ ಕೂರುವ ನೆಂಟ. ಪ್ಯಾಕೆಟ್ ನುಂಗಿ ತುಟಿ ಬಿಚ್ಚುವುದಿಲ್ಲ. ಪಾಪ, ಲಿನಕ್ಸ್ ಮತ್ತೆ ಮತ್ತೆ ತಟ್ಟಿ, ಎರಡು ನಿಮಿಷಕ್ಕೂ ಹೆಚ್ಚು ಕಾದು, ಆಮೇಲೆ ಕೈಚೆಲ್ಲುತ್ತದೆ.

ಡೇಟಾಬೇಸಿನ 5432ನೇ ಪೋರ್ಟ್ ತಟ್ಟಿ ನೋಡಿಸಿದೆ. ಬಾಗಿಲು ತೆರೆದೇ ಇತ್ತು. ಪೋಸ್ಟ್‌ಗ್ರೆಸ್ ಆರಾಮಾಗಿ ಕಾಲು ಚಾಚಿತ್ತು. ಅಂದಮೇಲೆ ಕಳ್ಳ ಮನೆಯೊಳಗೇ!

ಆ್ಯಪ್ ಡೇಟಾಬೇಸಿಗೆ ಹೋಗಲು ಕನೆಕ್ಷನ್ ಎರವಲು ಪಡೆಯುವ ನಮ್ಮ ಹಿಕಾರಿ ಪೂಲ್‌ನಲ್ಲಿ ಇರುವುದು ಹತ್ತೇ ಕನೆಕ್ಷನ್. ಮದುವೆಮನೆಯಲ್ಲಿ ಹತ್ತೇ ಲೋಟ ಇದ್ದ ಹಾಗೆ. ಕಾಫಿ ಕುಡಿದವರು ಲೋಟ ವಾಪಸು ಕೊಟ್ಟರೆ ಊರಿಗೇ ಸಾಕು. ನಮ್ಮ ವರದಿ ತೆಗೆಯುವ ಪುಟ ಮಾತ್ರ ಸಲಕ್ಕೊಂದು ಲೋಟ ಎತ್ತಿಕೊಂಡು ಹೋಗಿ ಕಿಟಕಿ ಮೇಲಿಟ್ಟು ಮರೆಯುತ್ತಿತ್ತು. ಹನ್ನೊಂದನೆಯವನು 30 ಸೆಕೆಂಡು ಕೈಚಾಚಿ ನಿಂತು ಬೈದುಕೊಂಡು ಹೋಗಬೇಕು. ಡೇಟಾಬೇಸ್ ಕಡೆಯಿಂದ ಇಣುಕಿದರೆ ಹತ್ತೂ ಕನೆಕ್ಷನ್ನುಗಳು 'ಐಡಲ್ ಇನ್ ಟ್ರಾನ್ಸಾಕ್ಷನ್'. ಅಂದರೆ ಕಾಫಿ ಮುಗಿದಿದೆ, ಹರಟೆ ಮುಗಿದಿಲ್ಲ.

"ಕ್ಲೋಸ್ ಮಾಡೋದನ್ನ ಮರೆತಿರೋದು ಯಾರು ಸಾರ್?" ಎಂದು ಕೇಳಿದ ಹುಡುಗ, ತಾನೇ ಗಿಟ್ ತೆರೆದು ನೋಡತೊಡಗಿದ. ನನಗೆ ಥಟ್ಟನೆ ಹೋದ ವರ್ಷದ ಒಂದು ಶುಕ್ರವಾರ ಸಂಜೆ ನೆನಪಾಯಿತು.

"ಹಲೋ? ಹಲೋ? ನೆಟ್‌ವರ್ಕ್ ಇಲ್ಲ, ಕೇಳಿಸ್ತಿಲ್ಲಪ್ಪ" ಎಂದು ಫೋನಿಟ್ಟು ದೀಪ ಆರಿಸಿದೆ.