ಕಲೆ: ಇಲ್ಲ

1994ರಲ್ಲಿ ಧಾರವಾಡದ ಮಾಳಮಡ್ಡಿಯಲ್ಲಿ ನಾನು ಬಾಡಿಗೆಗೆ ಹಿಡಿದದ್ದು ಒಂದು ಖೋಲಿ. ಸಿಕ್ಕಿದ್ದು ಧರ್ಮಶಾಲೆ. ಮನೆಯೊಡತಿ ಅಕ್ಕಾವ್ರು ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದು ನಿವೃತ್ತರಾದವರು. ಪೆನ್ಶನ್ ಶುರುವಾದ ತಿಂಗಳೇ ಪಿಂಜಾರನನ್ನು ಕರೆಸಿ, ಅರಳೆ ಹಿಂಜಿಸಿ, ಆರು ಗಾದಿ ಹೊಲಿಸಿದರಂತೆ. ಒಂಟಿ ಹೆಣ್ಣುಮಗಳಿಗೆ ಆರು ಗಾದಿ ಯಾಕೆಂದು ಓಣಿಯವರು ತಲೆ ಕೆಡಿಸಿಕೊಳ್ಳುವಷ್ಟರಲ್ಲಿ ಮೂರು ಗಾದಿಗಳ ಮೇಲೆ ಗೊರಕೆ ಶುರುವಾಗಿತ್ತು.

"ಮೊದಲ ಹುಚ್ಚರನ್ನ ನೋಡಿಕೋತಿದ್ರಿ, ಈಗ ಕಲಾವಿದರನ್ನ. ಭಾಳ ಫರಕ್ ಇರಲಿಕ್ಕಿಲ್ಲ ಬಿಡ್ರಿ" ಎಂದು ಎದುರು ಮನೆಯ ರಾಯರು ಚೇಷ್ಟೆ ಮಾಡಿದರು. "ಫರಕ್ ಅದರೀ. ನಮ್ಮ ಪೇಷಂಟ್ರು ಗಂಟಿ ಬಾರಿಸಿದ ಕೂಡಲೇ ಊಟಕ್ಕ ಬರ್ತಿದ್ರು" ಎಂದರು ಅಕ್ಕಾವ್ರು.

ಕಲಾವಿದರನ್ನು ಇಳಿಸಿಕೊಳ್ಳುವ ಚಟ ಆ ಸೀಮೆಗೆ ಹೊಸದೇನಲ್ಲ. ಮೈಸೂರು ಅರಮನೆಗೆ ಹೊರಟ ಉಸ್ತಾದರು ನಡುದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಯಲ್ಲಿ ಇಳಿದು, ನಾಲ್ಕು ದಿನ ಉಂಡು, ನಾಲ್ಕು ಜನಕ್ಕೆ ಪಾಠ ಹೇಳಿ ಹೋಗುತ್ತಿದ್ದರು. ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಕುಂದಗೋಳದವರು. ಅವರ ಕೈಕೆಳಗೆ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಈ ಪರಂಪರೆಯ ಬಗ್ಗೆ ಬರೆಯುವವರು ರಾಗ, ತಾನ, ಘರಾಣೆ ಎಲ್ಲ ಬರೆಯುತ್ತಾರೆ. ಉಸ್ತಾದರಿಗೆ ಹಾಸಿಗೆ ಹಾಸಿದವರು ಯಾರು, ಬೆಳಿಗ್ಗೆ ಬಚ್ಚಲ ಒಲೆಗೆ ಉರಿ ಇಟ್ಟವರು ಯಾರು ಎಂಬುದನ್ನು ಬರೆಯುವುದಿಲ್ಲ. ಸಾಹಿತಿಗಳ ಪಾಲಿಗಾದರೆ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಆ ಗ್ರಂಥಮಾಲೆಯೇ ಕಾರ್ನಾಡರ 'ಯಯಾತಿ'ಯನ್ನು 1961ರಲ್ಲಿ ಹೊರತಂದದ್ದು. ಅಟ್ಟ ಹತ್ತಿದವರಿಗೆ ಹರಟೆ ಸಿಗುತ್ತಿತ್ತು. ಬಿಸಿನೀರು, ಜೋಳದ ರೊಟ್ಟಿ, ಜ್ವರ ಬಂದರೆ ಕಷಾಯ, ಇವು ಅಕ್ಕಾವ್ರ ಇಲಾಖೆ.

ಆಸ್ಪತ್ರೆಯ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಯಾರೇ ಬಂದು ಚಪ್ಪಲಿ ಕಳಚಿದರೂ ಉದ್ದನೆಯ ರಜಿಸ್ಟರ್ ತೆರೆದು ಕೇಸ್ ಹಿಸ್ಟರಿ ಬರೆಯಲು ಕೂಡುತ್ತಿದ್ದರು. "ನಿದ್ದಿ ಹೆಂಗದ? ಹಸಿವು? ದಿನಕ್ಕ ಛಾ ಎಷ್ಟು? ಅವ್ವಗ ಕಾಗದಾ ಬರದು ಎಷ್ಟ ದಿನಾ ಆತು?" ಯಾವ ಘರಾಣೆ ಎಂದು ಮಾತ್ರ ಒಬ್ಬರನ್ನೂ ಕೇಳಲಿಲ್ಲ. ಒಬ್ಬ ಸಿತಾರ ವಾದಕರು ಅವಮಾನವಾದಂತಾಗಿ, ತಾವೇ ಗುರುಪರಂಪರೆಯನ್ನು ಮುತ್ತಜ್ಜನ ಗುರುವಿನಿಂದ ಹೇಳತೊಡಗಿದರು. ಅಕ್ಕಾವ್ರು ಕೇಳಿಕೊಂಡು ಬರೆದದ್ದು ಇಷ್ಟೆ: "ಮಾತು ಜಾಸ್ತಿ. ಮಧ್ಯಾಹ್ನ ಊಟ ಆಗಿಲ್ಲ." ಆಗಿರಲಿಲ್ಲ ಎಂಬುದು ಎಂಟನೆಯ ರೊಟ್ಟಿಗೆ ಎಲ್ಲರಿಗೂ ಗೊತ್ತಾಯಿತು.

ಛಾದ ಲೆಕ್ಕ ಕೈಮೀರಿದಾಗ ಸಕ್ಕರೆಯನ್ನು 'ಸಾಬೂನು ಪುಡಿ' ಎಂದು ಚೀಟಿ ಅಂಟಿಸಿದ ಡಬ್ಬಿಗೆ ಸಾಗಿಸಿದರು. ಆ ಡಬ್ಬಿಯನ್ನು ಯಾವ ಕಲಾವಿದನೂ ತೆರೆಯಲಾರ ಎಂಬ ಅವರ ಅಂದಾಜು ಕೊನೆಯವರೆಗೂ ಸುಳ್ಳಾಗಲಿಲ್ಲ.

ಇವೆಲ್ಲ ಈಗ ಹೇಳಲು ಚೆಂದ. ಆಗ ಅನುಭವಿಸಿದವನು ನಾನು. ಒಬ್ಬ ಚಿತ್ರಕಾರ ಕುಂಚ ಅದ್ದಿಟ್ಟಿದ್ದ ಲೋಟವನ್ನು ಮಜ್ಜಿಗೆಯೆಂದು ಎತ್ತಿ ಕುಡಿದು, ಎರಡು ದಿನ ಬಿಳಿ ಬಣ್ಣದ ಡೇಗು ಬಿಡುತ್ತಿದ್ದೆ. ಸಣ್ಣಾಟದ ಹಿರಿಯರೊಬ್ಬರು ನಡುರಾತ್ರಿ ಎರಡಕ್ಕೆ ಸಂಗ್ಯಾನನ್ನು ಕೊಲ್ಲುವ ಪ್ರಸಂಗ ತೆಗೆದರು. ಎದುರು ಮನೆಯ ರಾಯರು ಬಡಿಗೆ ಹಿಡಿದು ಓಡಿಬಂದರು. ಬಂದವರು ಕೂತು ಆಟ ಪೂರ್ತಿ ನೋಡಿಕೊಂಡೇ ಹೋದರು.

ಜುಲೈ ತಿಂಗಳ ಧಾರವಾಡದ ಮಳೆ ಗೊತ್ತಲ್ಲ? ಜಿಟಿಜಿಟಿ ಹಿಡಿಯಿತೆಂದರೆ ಹಾಸಿಗೆಯೂ ತಣ್ಣಗೆ, ಬೆಂಕಿಪೆಟ್ಟಿಗೆಯೂ ತಣ್ಣಗೆ. ಅಂಥದೊಂದು ರಾತ್ರಿ ಮಿರಜಿನ ರೈಲಿನಿಂದ ಗಾಯಕಿಯೊಬ್ಬರು ತಂಬೂರಿ ಸಮೇತ ಇಳಿದರು. ಮಿರಜಿನಲ್ಲೇ ಮಾಡಿಸಿದ ತಂಬೂರಿ, ದೊಡ್ಡ ಬುರುಡೆ. ಥಂಡಿಗೆ ಶ್ರುತಿ ನಿಲ್ಲದು. ಅಕ್ಕಾವ್ರು ಸೀದಾ ನನ್ನ ಖೋಲಿಗೆ ಬಂದು, ಹೊದ್ದಿದ್ದ ನನ್ನ ರಗ್ಗು ಎಳೆದು ತಂಬೂರಿಗೆ ಸುತ್ತಿದರು.

"ಅಕ್ಕಾವ್ರ, ನನಗೂ ಕೆಮ್ಮು ಬಂದದರೀ."

"ನಿಂದು ಗೊತ್ತಾಗ್ತದಪಾ, ಕೆಮ್ಮತಿ. ಅದಕ್ಕ ಪಾಪ, ಕೆಮ್ಮಲಿಕ್ಕೂ ಬರೂದಿಲ್ಲ."

ಆ ಸಿಟ್ಟಿನಲ್ಲೇ ಒಂದು ದಿನ, ಅವರು ಸಂತೆಗೆ ಹೋದಾಗ, ರಜಿಸ್ಟರ್ ತೆರೆದು ನನ್ನ ಹೆಸರು ಹುಡುಕಿದೆ. ಇತ್ತು. "ನಿದ್ದೆ: ಭರಪೂರ. ಹಸಿವು: ಅದಕ್ಕೂ ಹೆಚ್ಚು. ಕಲೆ: ಇಲ್ಲ. ಬಾಡಿಗೆ: ಎರಡು ತಿಂಗಳು ಬಾಕಿ."

ಬಾಕಿಯ ಮಾತು ಹೋಗಲಿ, ಅದು ನಿಜ. 'ಕಲೆ: ಇಲ್ಲ' ಎಂಬುದು ಮನಸ್ಸಿಗೆ ಹತ್ತಿತು. ಮಲ್ಲಿಕಾರ್ಜುನ ಮನಸೂರರು ತೀರಿಕೊಂಡು ಎರಡೇ ವರ್ಷವಾಗಿದ್ದ ಊರು. ಅಲ್ಲಿ ಹಾಲು ಹಾಕುವವನೂ ಸ್ವರ ಹಿಡಿದು ಕೂಗುತ್ತಿದ್ದ. ಬಾಡಿಗೆ ಕೊಡಬೇಕಿದ್ದ ದುಡ್ಡಿನಲ್ಲೇ ಹಳೆಯ ತಬಲಾ ಜೋಡಿ ತಂದೆ. ಹದಿನೈದು ದಿನ ಬಾರಿಸಿದೆ. ಆಮೇಲೆ ನೋಡಿದರೆ ನನ್ನ ಪುಟದಲ್ಲಿ ಹೊಸ ಶಾಯಿ: "ಕಲೆ: ಪ್ರಯತ್ನ ನಡೆದಿದೆ. ಸುಧಾರಣೆ ಇಲ್ಲ. ಉಳಿದವರ ನಿದ್ದೆ ಕೆಟ್ಟಿದೆ. ಒತ್ತಾಯ ಮಾಡಬಾರದು." ಮರುದಿನ ತಬಲಾ ಅಟ್ಟಕ್ಕೇರಿತು. ಅಂದು ರಾತ್ರಿ ನನ್ನ ತಾಟಿನಲ್ಲಿ ಮಾತ್ರ ಎರಡು ಚಮಚೆ ತುಪ್ಪ ಹೆಚ್ಚಿಗೆ ಬಿದ್ದಿತ್ತು. ಇಬ್ಬರೂ ಆ ಸುದ್ದಿ ತೆಗೆಯಲಿಲ್ಲ.

ಅವರು ಹೋದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಶ್ರಾವಣದಲ್ಲಿ. ನುಡಿನಮನಕ್ಕೆಂದು ಅದೇ ಪಡಸಾಲೆಯಲ್ಲಿ ಜನ ಸೇರಿದ್ದರು. ಮಾತಾಡಲು ಎದ್ದವರೆಲ್ಲ ತಾವು ಎಷ್ಟು ದಿನ ಉಳಿದಿದ್ದೆವು ಎಂಬುದನ್ನೇ ಹೇಳತೊಡಗಿದರು. ಚಿತ್ರಕಾರ ಏಳು ತಿಂಗಳು ಎಂದ. ಸಣ್ಣಾಟದವರು ಎರಡು ಮಳೆಗಾಲ ಎಂದರು. ಏಳು ತಿಂಗಳು ದೊಡ್ಡದೋ ಎರಡು ಮಳೆಗಾಲ ದೊಡ್ಡದೋ ಎಂಬಲ್ಲಿಗೆ ನುಡಿನಮನ ಬಂದು ನಿಂತಿತು.

ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಪಿಸುಮಾತಿನಲ್ಲಿ ಕೇಳಿದಳು: "ತಾವು ಯಾವ ಕಲೆಯವ್ರಿ, ಸರ್?"

"ನಾ ಬಾಡಿಗಿಯವ್ನವಾ."

ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಛಾದ ನೀರು ಕುದಿದು ಅರ್ಧಕ್ಕಿಳಿದಿತ್ತು, ಸಕ್ಕರೆ ಸಿಕ್ಕಿರಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ, ಮೇಲಿನ ಮಾಡಿನಿಂದ ಸಾಬೂನು ಪುಡಿಯ ಡಬ್ಬಿ ಇಳಿಸಿದೆ. ಅರ್ಧ ತುಂಬಿತ್ತು.