ಹ್ಞೂಂ ಎಂದವನ ಸಾಹಸಗಳು

ನಮ್ಮ ಮನೆಯಲ್ಲಿ ನನ್ನ ಬಗ್ಗೆ ಇರುವುದು ಒಂದೇ ಒಂದು ಸಾಹಸದ ಕಥೆ. ಅದನ್ನೂ ನಾನೇ ಹೇಳಿಕೊಂಡು ತಿರುಗಬೇಕು. ಡಿಗ್ರಿ ಓದುವ ಕಾಲದಲ್ಲಿ ರಾಂಪುರದಿಂದ ಬೆಳಗಿನ ಬಸ್ಸು ಹಿಡಿದು ಬಳ್ಳಾರಿಗೆ ಹೋಗಿ, ಕ್ಲಾಸಿಗೆ ಚಕ್ಕರ್ ಹೊಡೆದು, ನೆಟ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ರೂನ್‌ಸ್ಕೇಪ್ ಆಡುತ್ತಿದ್ದೆ. ಇಂಗ್ಲೆಂಡಿನ ಗೋವರ್ ಸಹೋದರರು 2001ರಲ್ಲಿ ಬಿಟ್ಟ ಆಟ ಅದು. ಬ್ರೌಸರಿನಲ್ಲೇ ಓಡುತ್ತಿದ್ದರಿಂದ ಸೆಂಟರಿನವನು ಬೈಯುತ್ತಿರಲಿಲ್ಲ.

"ನಿಮಗೇನಪ್ಪಾ, ಆಟದಾಗೇ ಬಾಣ ದಾರಿ ತೋರಿಸ್ತೈತೆ, ಅದರ ಹಿಂದೆ ಹೋಗ್ತೀರಿ. ನಮ್ಮ ಕಾಲದಾಗೆ ಎಲ್ಲಾ ನಾವೇ ಹುಡುಕ್ಕೋಬೇಕಿತ್ತು" ಎಂದು ಊಟಕ್ಕೆ ಕೂತಾಗಲೆಲ್ಲ ಮಗನಿಗೆ ಹೇಳುತ್ತಿದ್ದೆ. ಪಕ್ಕದ ಕುರ್ಚಿಯ ಸೀನಿಯರ್ ಒಬ್ಬ ಇಲ್ಲಿಗೆ ಹೋಗು, ಅದನ್ನು ಒತ್ತು ಎಂದು ಹೇಳಿಕೊಡುತ್ತಿದ್ದ ಭಾಗವನ್ನು, ಕಥೆ ಉದ್ದವಾಗುತ್ತದೆಂದು ಬಿಟ್ಟಿದ್ದೆ.

ಆದರೆ ಹಳೇ ಕಾಲದ ಆಟಗಳು ನಿಜಕ್ಕೂ ಹಾಗೇ ಇದ್ದವು. 1999ರ ಎವರ್‌ಕ್ವೆಸ್ಟ್‌ನಲ್ಲಿ ಎದುರು ನಿಂತವರಿಗೆ ನಮಸ್ಕಾರ ಟೈಪ್ ಮಾಡಿ, ಅವರ ಉತ್ತರದಲ್ಲಿರುವ ಮುಖ್ಯ ಪದ ಹಿಡಿದು ಮತ್ತೆ ಪ್ರಶ್ನೆ ಟೈಪ್ ಮಾಡಬೇಕಿತ್ತು. ಆಗ ಮಾತ್ರ ಅವರು ತಮ್ಮ ಕಷ್ಟ ಬಾಯಿಬಿಡುತ್ತಿದ್ದರು. ಆಟದೊಳಗೆ ನಕ್ಷೆ ಬಂದದ್ದು 2003ರಲ್ಲಿ. ಅಲ್ಲಿಯವರೆಗೆ ಜನ ಯಾರೋ ಬರೆದಿಟ್ಟ ನಕ್ಷೆಗಳನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಂಡು ಆಡುತ್ತಿದ್ದರು. ಸತ್ತರೆ ಸಾಮಾನೆಲ್ಲ ಹೆಣದ ಹತ್ತಿರವೇ ಉಳಿಯುತ್ತಿತ್ತು, ಬರಿಗೈಲಿ ಹೋಗಿ ಬಿಡಿಸಿಕೊಂಡು ಬರಬೇಕು. 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು. ಕೆಲಸ ಕೊಡುವವರ ತಲೆ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಹೊಳೆಯತೊಡಗಿತು. ಆಮೇಲೆ ಬಾಣ ಬಂತು, ಗೆರೆ ಬಂತು, ಎಷ್ಟು ಮೀಟರ್ ನಡೆಯಬೇಕೆಂಬ ಲೆಕ್ಕವೂ ಬಂತು. ಅಲ್ಲಿಗೆ ಯಾರೂ ಯಾರ ಮಾತನ್ನೂ ಕೇಳಬೇಕಿಲ್ಲ ಎಂದಾಯಿತು.

ದಾವಣಗೆರೆ ಹಾಸ್ಟೆಲಿನಿಂದ ರಜಕ್ಕೆ ಬಂದ ಮಗ ಈ ಪ್ರವಚನ ಇನ್ನು ತಡೆಯಲಾರೆನೆಂದು ನನ್ನ ಫೋನ್ ಇಸ್ಕೊಂಡು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಹಾಕಿಕೊಟ್ಟ. 2007ರ ಆಟದ ಒಂದು ಪ್ರತಿ ಕಂಪನಿಯವರ ಬಳಿ ಉಳಿದಿತ್ತಂತೆ. ಹಳಬರ ಗೋಳಾಟಕ್ಕೆ ಮಣಿದು 2013ರಲ್ಲಿ ಅದನ್ನೇ ಮತ್ತೆ ಬಿಟ್ಟರು. 2018ರಿಂದ ಫೋನಿನಲ್ಲೂ ಉಂಟು. "ತಗಳಪ್ಪಾ, ಹುಡುಕು" ಎಂದ. ಕ್ವೆಸ್ಟ್, ಅಂದರೆ ಆಟದ ಜನ ನಮಗೆ ಹಚ್ಚುವ ಕೆಲಸ, ಶುರುವಾಗುವ ಜಾಗಕ್ಕೆ ಒಂದು ಸಣ್ಣ ನೀಲಿ ಗುರುತು ಇದೆ. ಅಲ್ಲಿಂದಾಚೆ ನಿಮ್ಮ ಪಾಡು ನಿಮಗೆ.

ಮೊದಲ ಕೆಲಸ ಲಂಬ್ರಿಜ್ ಎಂಬ ಊರಿನ ಕೋಟೆಯ ಅಡಿಗೆಯವನದು. ದೊರೆಯ ಹುಟ್ಟುಹಬ್ಬಕ್ಕೆ ಕೇಕು ಮಾಡಬೇಕು, ಸಾಮಾನು ತರಿಸುವುದು ಮರೆತಿದ್ದಾನೆ, ಕೆಲಸ ಹೋಗುತ್ತದೆಂದು ಅಳುತ್ತಿದ್ದಾನೆ. ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಕುಡಿಕೆ ಹಿಟ್ಟು. ಅಷ್ಟೇ. ಅವನು ಬಾಯಿ ತೆರೆದಾಗಲೆಲ್ಲ ಕೆಳಗೆ "ಮುಂದುವರಿಯಲು ಇಲ್ಲಿ ಒತ್ತಿ" ಎಂದು ಬರುತ್ತದೆ. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಟಪಟಪ ಒತ್ತಿ ಹೊರಟೆ.

ಮಂಚದ ಮೇಲೆ ಶೇಂಗಾ ಸುಲಿಯುತ್ತಾ ಕೂತಿದ್ದ ಅವ್ವ ಹಿಂದಿನಿಂದ ಇಣುಕತೊಡಗಿದಳು. ಮೊಟ್ಟೆ ಕೋಳಿಯಿಂದ ಬರುತ್ತದೆಂಬ ಜ್ಞಾನವೊಂದು ನನಗಿತ್ತು. ಕತ್ತಿ ಹಿರಿದು ಕೋಳಿಗಳ ಮೇಲೆ ಬಿದ್ದೆ. ಮೂಳೆ ಸಿಕ್ಕಿತು, ಪುಕ್ಕ ಸಿಕ್ಕಿತು, ಮಾಂಸ ಸಿಕ್ಕಿತು.

"ಅಯ್ಯಯ್ಯೋ, ಶ್ರಾವಣ ಸೋಮವಾರ ಕೋಳಿ ಕಡೀತಿಯೇನೋ ಪಾಪಿ! ಅಲ್ಲೇ ನೆಲದ ಮ್ಯಾಲೆ ಬಿದ್ದೈತಲ್ಲ ಮೊಟ್ಟೆ!"

ಬಿದ್ದಿತ್ತು. ಹಾಲಿಗಂತ ಹೊಲದಲ್ಲಿದ್ದ ಹಸುಗಳ ಬಳಿಗೆ ಹೋದರೆ ಪ್ರತಿಯೊಂದೂ "ಆಕ್ರಮಿಸು" ಎನ್ನುತ್ತದೆಯೇ ಹೊರತು "ಕರೆ" ಎನ್ನುವುದಿಲ್ಲ. ಕರೆಯುವ ಹಸುವೇ ಬೇರೆ, ಬೇಲಿಯೊಳಗೆ ಸಾಧುವಾಗಿ ನಿಂತಿರುತ್ತದೆ. "ಕಂಡ ಕಂಡ ದನದ ಹಿಂದೆ ಓಡಿದ್ರೆ ಹಾಲು ಬರ್ತೈತಾ? ಕರೆಯೋ ದನ ಕಟ್ಟಿಹಾಕಿರ್ತಾರೆ, ಹುಡುಕು" ಎಂದಳು ಅವ್ವ. ಗೋಧಿ ಕಿತ್ತುಕೊಂಡು ಗಾಳಿ ಗಿರಣಿಯ ತುದಿಯ ಮಹಡಿ ಹತ್ತಿ, ಕಾಳು ಸುರಿದು, ಹಿಡಿಕೆ ಎಳೆದು, ಕುಡಿಕೆ ಹಿಡಿದುಕೊಂಡು ಅಲ್ಲೇ ನಿಂತೆ. ಬಹಳ ಹೊತ್ತು ನಿಂತೆ. ಆಟ ಕೆಟ್ಟಿದೆ ಎಂದು ಮಗನನ್ನು ಕೂಗಿದೆ.

"ಹಿಟ್ಟು ಕೆಳಗೆ ಬೀಳ್ತೈತೆ ಕಣೋ" ಎಂದಳು ಅವ್ವ, ಶೇಂಗಾದಿಂದ ತಲೆಯೆತ್ತದೆ. "ಗಿರಣಿಗೆ ಒಂದಿನ ಹೋಗಿದ್ರೆ ಗೊತ್ತಾಗ್ತಿತ್ತು."

ಕೇಕಾಯಿತು. ಮಗ ಅಜ್ಜಿಗೆ ಕೈ ಮುಗಿದ. ಆಮೇಲೆ ಅವನು ತೋರಿಸಿದ ಸಂಗತಿ ಮಾತ್ರ ನನ್ನ ಹೊಟ್ಟೆ ಉರಿಸಿತು. ಆ ಅಡಿಗೆಯವನು ಸುಮ್ಮನೆ ಅಳುವ ಗಿರಾಕಿಯಲ್ಲ. ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಗಿರಣಿಯ ದಾರಿ ಹೇಳುತ್ತಾನೆ. ಹಾಲು, ಮೊಟ್ಟೆ ಎಲ್ಲಿ ಎಂದರೆ ಹೊಳೆಯಾಚೆಯ ತೋಟ ಹೇಳುತ್ತಾನೆ. ಒಂದೊಂದಕ್ಕೂ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ, ಒತ್ತಿದರೆ ಸಾಕು. ನಾನು ಒತ್ತಿದ್ದು "ಸರಿ, ಹೊರಟೆ" ಎಂಬುದನ್ನು.

ಇದನ್ನು ಕೇಳಿದ ನಮ್ಮಾಕೆ ಒಳಗಿನಿಂದ ಬಂದು, "ಮೊಳಕಾಲ್ಮೂರು ಸೀರೆ ಕಥೆ ಹೇಳ್ಲಾ?" ಎಂದಳು. ಬೇಡ ಎಂದರೂ ಹೇಳಿದಳು. ಅವಳ ತಂಗಿಯ ಮದುವೆಗೆ ರೇಷ್ಮೆ ಸೀರೆಯೊಂದನ್ನು ಮೊಳಕಾಲ್ಮೂರಿನ ನೇಕಾರರಿಗೆ ಹೇಳಿದ್ದೆವು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿ ಮಾನ್ಯತೆಯೇ ಇದೆ. ಆ ಸೂಚಿ ಸೀರೆಗೆ ಹೊರತು ನೇಕಾರರ ಮನೆಗಲ್ಲ. ಹೊರಡುವಾಗ ಅವಳು ಗುರುತು ಹೇಳಿದಳು, ನಾನು ಹ್ಞೂಂ ಎಂದೆ. ಅಲ್ಲಿ ಹೋಗಿ ಯಾರನ್ನಾದರೂ ಕೇಳುವುದು ಗಂಡಸಿನ ಮರ್ಯಾದೆಗೆ ಕಡಿಮೆಯಾದ್ದರಿಂದ ಫೋನಿನ ನಕ್ಷೆ ನಂಬಿ ಗಲ್ಲಿ ಗಲ್ಲಿ ಸುತ್ತಿದೆ. ಮಗ್ಗದ ಸದ್ದು ಎಲ್ಲ ಮನೆಯಿಂದಲೂ ಬರುತ್ತಿತ್ತು. ಕೊನೆಗೆ ಅವಳು ಹೇಳಿದ್ದ ಬೇವಿನ ಮರ, ಅದರ ಎದುರಿನ ನೀಲಿ ಬಾಗಿಲು ಸಿಕ್ಕವು. ಬಡಿದರೆ ಬೇರೆ ಯಾರೋ. ಅವರು ಚಹಾ ಕೊಟ್ಟು, ನನ್ನ ಬೀಗರ ಊರು ವಿಚಾರಿಸಿ, ನೇಕಾರರ ಹೊಸ ಮನೆ ತೋರಿಸುವ ಮುಂಚೆ ಬಳ್ಳಾರಿ ಕಡೆ ಹೋಗುವವರಿದ್ದರೆ ಕೊಡಿ ಎಂದು ಒಂದು ಚೀಲ ಅಕ್ಕಡಿ ಕಾಳನ್ನೂ ನನ್ನ ತಲೆಗೆ ಕಟ್ಟಿದರು.

ನಮ್ಮಾಕೆ ಹೇಳಿದ್ದ ಗುರುತಿನ ಕೊನೆಯ ಮಾತು ಇಷ್ಟಿತ್ತಂತೆ: "ಅದು ಹಳೇ ಮನೆ. ಯುಗಾದಿಗೆ ಮನೆ ಬದಲಾಯಿಸ್ಯಾರೆ, ಅಲ್ಲಿಗೆ ಹೋಗ್ಬೇಡ್ರಿ."

ಮಾತು ಮುಗಿಯುವ ಮೊದಲೇ ಹೊರಡುವುದು ನನ್ನೊಬ್ಬನ ರೋಗವಲ್ಲ, ನಮ್ಮ ತಾಲ್ಲೂಕಿನ ಪುರಾತನ ಚಾಳಿ ಎಂದು ವಾದಿಸಿ ನೋಡಿದೆ. ಇಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಏನೇನು ಮಾಡಬೇಕೆಂದು ಕೆತ್ತಿಸಿಟ್ಟಿದ್ದಾನೆ: ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿರಲಿ, ನಿಜ ಹೇಳಿ, ಗುರುಗಳನ್ನು ಗೌರವಿಸಿ. ಬರೆದ ಚಪಡ ಎಂಬ ಲಿಪಿಕಾರ ತನ್ನ ರುಜುವನ್ನೂ ಹಾಕಿದ್ದಾನೆ. ಅದರ ಎದುರಿಗೇ ದನ ಮೇಯಿಸಿಕೊಂಡು, ಮಾತು ಪೂರ್ತಿ ಕೇಳದೆ ನಾವು ಮುಂದೆ ಹೋದೆವು. 1892ರಲ್ಲಿ ಬಿ.ಎಲ್. ರೈಸ್ ಬಂದು ಗುರುತಿಸುವವರೆಗೆ ಆ ಕ್ವೆಸ್ಟ್ ಹಾಗೇ ಬಿದ್ದಿತ್ತು.

"ಅದ್ರಾಗೆ ಪ್ರಾಣಿಗಳ ಮ್ಯಾಲೆ ದಯೆ ಅಂತ ಐತಲ್ಲ, ಕೋಳಿ ಯಾಕೆ ಕಡಿದೆ?" ಎಂದಳು ಅವ್ವ.

ನಾನು ಎರಡು ದಿನ ಫೋನ್ ಮುಟ್ಟಲಿಲ್ಲ. ಮತ್ತೆ ತೆಗೆದರೆ ಪಟ್ಟಿಯೇ ಬದಲಾಗಿತ್ತು. ಈ ಆಟದಲ್ಲಿ ಮುಟ್ಟದ ಕ್ವೆಸ್ಟ್ ಕೆಂಪು, ಅರ್ಧಕ್ಕೆ ನಿಂತದ್ದು ಹಳದಿ, ಮುಗಿದದ್ದು ಹಸಿರು. ನನ್ನದರಲ್ಲಿ ಕೇಕು ಬಿಟ್ಟರೆ ಉಳಿದದ್ದೆಲ್ಲ ಕೆಂಪಗಿರಬೇಕಿತ್ತು. ಹಸಿರು ಸಾಲು ನೋಡಿ ಮಗನನ್ನು ಬೈದೆ, ಕಂಪ್ಯೂಟರಿನಲ್ಲಿ ಬಾಣ ತೋರಿಸುವ ಪ್ಲಗಿನ್ ಹಾಕಿಕೊಂಡು ಮೋಸ ಮಾಡಿದ್ದೀಯ ಎಂದು. ಅವನು ಅಡಿಗೆಮನೆ ಕಡೆ ಕೈ ತೋರಿಸಿದ.

ಮಧ್ಯಾಹ್ನದ ಧಾರಾವಾಹಿ ಮುಗಿದ ಮೇಲೆ ಅತ್ತೆಸೊಸೆ ಸೇರಿ ಆಡಿದ್ದರು. ಫ್ರೆಡ್ ಎಂಬ ರೈತನಿಗೆ ಇಪ್ಪತ್ತು ಉಂಡೆ ಉಣ್ಣೆ ನೂಲು ಬೇಕಿತ್ತು. ಅವ್ವನ ತವರು ಚಳ್ಳಕೆರೆ ಕಡೆ, ಕುರಿ ಕಂಬಳಿಯ ಸೀಮೆ. ಕೊಂಬು ನೋಡಿ ಟಗರನ್ನು ಬಿಟ್ಟು, ತಪ್ಪಿಸಿಕೊಂಡು ಓಡುವ ಕುರಿಗಳ ಬೆನ್ನು ಹತ್ತಿ ಉಣ್ಣೆ ಕತ್ತರಿಸಿ, ಕೋಟೆಯ ಮೇಲಿದ್ದ ರಾಟೆ ಹುಡುಕಿ ನೂಲು ತೆಗೆಸಿದ್ದಳು. ಓದುವ ಕೆಲಸ ನಮ್ಮಾಕೆಯದು. ರಾಯದುರ್ಗದವಳಿಗೆ ಬಳ್ಳಾರಿ ಬಸ್ಸಿನಲ್ಲಿ ಪಕ್ಕ ಕೂತವರ ಮೂರು ತಲೆಮಾರು ತಿಳಿಯುವುದಕ್ಕೆ ಒಂದು ಸ್ಟಾಪ್ ಸಾಕು, ಇನ್ನು ಆಟದ ಜನ ಯಾವ ಲೆಕ್ಕ.

"ಆ ಫ್ರೆಡ್ಡು ಪಾಪ, ಯಾರೋ ಗೇಟು ತೆಗೆದಿಟ್ಟು ಕುರಿ ಬಿಡ್ತಾರೆ ಅಂತ ಬೈಕೊಂತಿದ್ದ. ನೀವಾ?" ಎಂದು ಕೇಳಿದಳು.

ರೋಮಿಯೋ ಜೂಲಿಯೆಟ್ ಎಂಬ ಕ್ವೆಸ್ಟನ್ನು ಮಾತ್ರ ಮುಗಿಸಿರಲಿಲ್ಲ. ಜೂಲಿಯೆಟ್ ಕೊಟ್ಟ ಕಾಗದ ಹುಡುಗನಿಗೆ ಮುಟ್ಟಿಸುವ ಕೆಲಸ ಅದು. ಮನೆಯವರಿಗೆ ಒಪ್ಪಿಗೆಯಿಲ್ಲದ ಸಂಬಂಧಕ್ಕೆ ನಾವ್ಯಾಕೆ ಕೈ ಹಾಕಬೇಕು ಎಂದು ಅವ್ವ ತಡೆದಿದ್ದಳಂತೆ. ಅದು ಹಳದಿಯಾಗಿಯೇ ಇದೆ, ಅವ್ವ ಇರುವವರೆಗೆ ಹಾಗೇ ಇರುತ್ತದೆ.

ಹಳೇ ಆಟಗಳಲ್ಲಿ ಮಾರ್ಗದರ್ಶನವಿರಲಿಲ್ಲ ಎಂಬುದು ನಮ್ಮಂಥ ಗಂಡಸರು ಎಬ್ಬಿಸಿದ ಸುದ್ದಿ. ಅಡಿಗೆಯವನು ಹೇಳುತ್ತಿದ್ದ, ಫ್ರೆಡ್ ಹೇಳುತ್ತಿದ್ದ, ಕೇಳುವ ತಾಳ್ಮೆಯಿಲ್ಲದವರಿಗಾಗಿ ಬಾಣ ಕಂಡುಹಿಡಿದರು. ಇದನ್ನು ನಾನು ಮನೆಯಲ್ಲಿ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ. ಅವರು ಓದುವುದು ಆಟದ ಮಾತುಗಳನ್ನು, ನನ್ನ ಲೇಖನಗಳನ್ನಲ್ಲ.

ಮೊದಮೊದಲ ಕ್ವೆಸ್ಟುಗಳಿಗೆ ಆಟದವರು ದುಡ್ಡು ಕೇಳುವುದಿಲ್ಲ, ನೀವೂ ಹಾಕಿಕೊಂಡು ನೋಡಬಹುದು. ನಾನಂತೂ ಸದ್ಯ ಆಡುತ್ತಿಲ್ಲ. ನನ್ನ ಹೆಸರಿನ ಖಾತೆಯ ಪಾಸ್‌ವರ್ಡನ್ನು ನಮ್ಮಾಕೆ ಬದಲಾಯಿಸಿದ್ದಾಳೆ. ಹೊಸದು ಯಾವುದೆಂದು ನನಗೆ ಒಮ್ಮೆ ಹೇಳಿದ್ದಾಳಂತೆ, ನಾನು ಹ್ಞೂಂ ಎಂದಿದ್ದೆನಂತೆ.