ಗುಮ್ಮಟ ಕಾಣುವ ಖೋಲಿ

ವಿಜಯಪುರದಲ್ಲಿ ಸತ್ತವರಿಗೆ ಇರುವಷ್ಟು ಜಾಗ ಓದುವವರಿಗಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾ ಮಲಗಿರುವ ಗೋಳಗುಮ್ಮಟದ ಒಳನೆಲವೇ 18,000 ಚದರ ಅಡಿಗಿಂತ ಹೆಚ್ಚು. ನಡುವೆ ಒಂದೂ ಕಂಬವಿಲ್ಲ. ತಿಕೋಟಾದಿಂದ ಡಿಗ್ರಿ ಓದಲು ಬಂದ ನನಗೆ ಸಿಕ್ಕಿದ್ದು ಹತ್ತಕ್ಕೆ ಎಂಟಡಿಯ ಖೋಲಿ. ಅದರಲ್ಲಿ ಮೂವರು, ಮತ್ತು ನಟ್ಟನಡುವೆ ಒಂದು ಕಂಬ.

ಖೋಲಿ ನೋಡಲು ಹೋದಾಗ ಮನೆಯ ಮಾಲಕರನ್ನು ಕೇಳಿದೆ: "ನೀರಿಂದು ಹ್ಯಾಂಗ್ರೀ ಕಾಕಾ?"

"ಮಾಳಿಗಿ ಹತ್ತಿದ್ರ ಗುಮ್ಮಟ ಕಾಣ್ತದ ನೋಡು ತಮ್ಮಾ."

"ಫ್ಯಾನ್ ಇಲ್ಲಲ್ರೀ?"

"ಗುಮ್ಮಟದ ಕಡಿ ಗಾಳಿ ಸೀದಾ ಇಲ್ಲೇ ಬರ್ತದ."

ಈ ಊರಲ್ಲಿ ಯಾವ ಮಾಳಿಗೆ ಹತ್ತಿದರೂ ಗುಮ್ಮಟ ಕಾಣುತ್ತದೆ. ಕಣ್ಣು ತಪ್ಪಿಸಿಕೊಳ್ಳುವುದೇ ಕಷ್ಟ. ಅದಕ್ಕೂ ಬಾಡಿಗೆ ಹಚ್ಚಿದ್ದು ಕಾಕಾ ಅವರ ಜಾಣತನ. ನೀರಿನ ವಿಷಯ ಆಮೇಲೆ ತಿಳಿಯಿತು. ಆದಿಲ್‌ಶಾಹಿಗಳು ತೊರವಿಯಿಂದ ನೆಲದೊಳಗೆ ಕಾಲುವೆ ತೋಡಿ ನೀರು ತಂದರು. ಕೊಳವೆ ಒಡೆಯಬಾರದೆಂದು ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರ ಕಟ್ಟಿ ನೀರಿನ ಒತ್ತಡ ತಗ್ಗಿಸಿದರು. ನಮ್ಮ ಮನೆಯ ನಳಕ್ಕೆ ಒತ್ತಡ ತಗ್ಗಿಸುವ ಚಿಂತೆ ಎಂದೂ ಬರಲಿಲ್ಲ.

ತಿಕೋಟಾ ಏನು ದೂರ, ದಿನಾ ಹೋಗಿಬರಬಾರದೇ ಎಂದು ಕೇಳುವವರಿದ್ದಾರೆ. ಮುಂಜಾನೆ ಅಥಣಿ ರಸ್ತೆಯ ಬಸ್ಸು ಹತ್ತಿದವರು ಕೇಳುವುದಿಲ್ಲ. ನನಗೆ ನಿಲ್ಲಲೂ ಜಾಗ ಕೊಡದ ಆ ಬಸ್ಸಿನಲ್ಲಿ ಅವ್ವ ಕಳಿಸುವ ಬುತ್ತಿ ಮಾತ್ರ ಡ್ರೈವರ್ ಪಕ್ಕ ರಾಜನಂತೆ ಕೂತು ಬರುತ್ತಿತ್ತು. ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ. ಬಬಲೇಶ್ವರದ ಗೆಳೆಯನ ಡಬ್ಬಿಯೂ ಅದೇ ಹೊತ್ತಿಗೆ ಬರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಅದಲುಬದಲಾದ ದಿನ ಇಬ್ಬರೂ ತುಟಿಪಿಟಕ್ಕೆನ್ನದೆ ಉಂಡೆವು. ಅವರವ್ವನ ಎಣ್ಣೆಗಾಯಿ ಚಲೋ ಇರುತ್ತಿತ್ತು ಎಂದು ಮನೆಯಲ್ಲಿ ಹೇಳುವಂತಿರಲಿಲ್ಲ.

ಖೋಲಿಯಲ್ಲಿ ಸೆಕೆ ತಾಳದೆ ನಾವು ಊರೆಲ್ಲ ಅಲೆದೆವು. ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ನೆರಳಿನ ಮೇಲಿನ ಪ್ರೀತಿಯಿಂದ. ಹಾಗೆ ಅಲೆಯುವಾಗ ತಿಳಿದದ್ದೇನೆಂದರೆ, ಇಲ್ಲಿ ಖೋಲಿ ಹುಡುಕಿದವರಲ್ಲಿ ನಾವೇ ಮೊದಲಿಗರಲ್ಲ. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಅವರಿಗೂ ಜಾಗ ಸಾಲಲಿಲ್ಲ. ಕಂಡ ಮಹಲಿನಲ್ಲೆಲ್ಲ ಕಚೇರಿ ಹೂಡಿದರು. ಒಂದು ಮಸೀದಿಯಲ್ಲಿ ಅಂಚೆ ಕಚೇರಿ ಕೂತಿತು. ಕೊನೆಗೆ ವೈಸ್‌ರಾಯ್ ಕರ್ಜನ್ ಬಂದು ಅದನ್ನು ಖಾಲಿ ಮಾಡಿಸಬೇಕಾಯಿತು. ಬಾಡಿಗೆ ಬಾಕಿ ಇತ್ತೋ ಏನೋ.

ಅದೇ ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ಹರಾಜಿಗಿಟ್ಟಿದ್ದರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, 55 ಟನ್ ತೂಕದ ತೋಪು ಹೋದದ್ದು 150 ರೂಪಾಯಿಗೆ. ಆಮೇಲೆ ಯಾರಿಗೋ ಬುದ್ಧಿ ಬಂದು ಮಾರಾಟ ರದ್ದಾಯಿತು. ನಮ್ಮ ಖೋಲಿಯ ಬಾಡಿಗೆಗೆ ಅಂಥ ತೋಪು ಹತ್ತಾರು ಬರುತ್ತಿದ್ದವು. ಅದನ್ನು ಮುಟ್ಟಿ ಬೇಡಿಕೊಂಡರೆ ಕೈಗೂಡುತ್ತದೆ ಎಂಬ ಮಾತಿದೆ. ಪರೀಕ್ಷೆಯ ತಿಂಗಳಲ್ಲಿ ಅಲ್ಲಿ ನಮ್ಮ ಕಾಲೇಜಿನವರೇ ಹೆಚ್ಚು ಕಾಣುತ್ತಿದ್ದರು. ಫಲಿತಾಂಶ ನೋಡಿದರೆ ತೋಪಿನ ಕಿವಿ ಮಂದವಿರಬೇಕು.

ಬಾರಾ ಕಮಾನ್ ನಮಗೆ ಹತ್ತಿರದ್ದು, ಮನಸ್ಸಿಗೂ. ಎರಡನೆಯ ಅಲಿ ಆದಿಲ್‌ಶಾ ಅಪ್ಪನದಕ್ಕಿಂತ ದೊಡ್ಡ ಗೋರಿ ಕಟ್ಟಲು ಹೊರಟು 1672ರಲ್ಲಿ ತೀರಿಹೋದ. ಕಮಾನುಗಳು ಅರ್ಧಕ್ಕೇ ನಿಂತವು. ಮಗನ ಕಟ್ಟಡದ ನೆರಳು ತನ್ನ ಗುಮ್ಮಟದ ಮೇಲೆ ಬೀಳಬಾರದೆಂದು ಅಪ್ಪನೇ ಅವನನ್ನು ಕೊಲ್ಲಿಸಿದ ಎಂದು ಕಥೆ ಹೇಳುವವರು ಈಗಲೂ ಸಿಗುತ್ತಾರೆ. ಅಪ್ಪ ಸತ್ತು ಅಷ್ಟೊತ್ತಿಗೆ 16 ವರ್ಷವಾಗಿತ್ತು. ನಮ್ಮ ಕಡೆಯ ಅಪ್ಪಂದಿರನ್ನು ಬಲ್ಲ ನನಗೆ ಅದೂ ಅಸಾಧ್ಯವೆನಿಸಲಿಲ್ಲ.

ಒಂದು ದಿನ ಮುತ್ಯಾ ಬಂದ. ಖೋಲಿಗೆ ಅಡ್ವಾನ್ಸ್ ಕೊಟ್ಟವನು ಅವನೇ. ಕೊಟ್ಟ ರೊಕ್ಕ ಹೇಗಿದೆ ಎಂದು ನೋಡಲು ಬಂದಿದ್ದ. ಖೋಲಿ ನೋಡಿ ಏನೂ ಅನ್ನಲಿಲ್ಲ. ಗುಮ್ಮಟಕ್ಕೆ ಕರೆದೊಯ್ದೆ.

"ಇಷ್ಟ ದೊಡ್ಡ ಮನ್ಯಾಗ ಎಷ್ಟ ಮಂದಿ ಇದ್ರೋ?"

"ಇದ್ದದ್ದಲ್ಲ ಮುತ್ಯಾ, ಸತ್ತ ಮ್ಯಾಲ ಹುಗಿದದ್ದು. ಬಾದಶಾ, ಇಬ್ಬರು ಹೇಣ್ತೇರು, ನರ್ತಕಿ ರಂಭಾ, ಮಗಳು, ಮೊಮ್ಮಗ."

"ಒಂದ ಖೋಲ್ಯಾಗ ಆರು ಮಂದಿ!" ಎಂದ ಮುತ್ಯಾ. "ನೀವು ಮೂರ ಮಂದಿ ಅದೀರಿ. ಅನುಕೂಲ ಅದ ಬಿಡು."

ಮೂಲೆಯ ಮಿನಾರಿನೊಳಗಿನ ಇಕ್ಕಟ್ಟಿನ ಮೆಟ್ಟಿಲು ಏರಿ ಪಿಸುಮಾತಿನ ಮೊಗಸಾಲೆಗೆ ಬಂದೆವು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇಂಥದೊಂದಿದೆ. ಅಲ್ಲಿ ಮಂದಿ ನಿಜವಾಗಿಯೂ ಪಿಸುಗುಡುತ್ತಾರಂತೆ. ನಮ್ಮಲ್ಲಿ ಶಾಲೆಯ ಟ್ರಿಪ್ಪಿನ ಹುಡುಗರು ಕೂಗದೆ ಇಳಿದದ್ದು ನಾನು ಕಂಡಿಲ್ಲ. ಅವರು ಬರುವ ಮುಂಚೆ ಮುತ್ಯಾನನ್ನು ಒಂದು ಕಡೆ ಕೂರಿಸಿ ಎದುರು ಬದಿಗೆ ಹೋಗಿ ಗೋಡೆಗೆ ಬಾಯಿ ಹಚ್ಚಿ ಅಂದೆ: "ಮುತ್ಯಾ, ಈ ತಿಂಗಳ ರೊಕ್ಕ ಸ್ವಲ್ಪ ಹೆಚ್ಚು ಬೇಕಾಗಿತ್ತು."

ಮನೆಯಲ್ಲಿ ಎದುರಿಗೆ ನಿಂತು ಕೇಳಿದರೂ ಅವನ ಕಿವಿಗೆ ಬೀಳದ ಮಾತು ಇಲ್ಲಿ ನೂರಿಪ್ಪತ್ತು ಅಡಿ ಆಚೆಯಿಂದ ಬಿದ್ದಿತು. ಮುತ್ಯಾ ಜನ್ಮದಲ್ಲಿ ಪಿಸುಗುಟ್ಟಿದವನಲ್ಲ. ಹೊಲದ ಆ ಬದುವಿನವರನ್ನು ಕರೆಯುವ ದನಿಯಲ್ಲಿ "ಇಲ್ಲ!" ಎಂದ. ಗುಮ್ಮಟ ಅದನ್ನು ಏಳು ಸಲ ಹೇಳಿತು.

ಸಂಜೆ ಗಗನ ಮಹಲಿಗೆ ಬಂದೆವು. 1561ರಲ್ಲಿ ಕಟ್ಟಿದ ಅರಮನೆ; ದೊಡ್ಡ ಕಮಾನು ನಿಂತಿದೆ, ಮೇಲೆ ಚಾವಣಿ ಇಲ್ಲ. ಪಕ್ಕದ ಸಾತ್ ಮಂಜಿಲ್‌ನ ಏಳು ಅಂತಸ್ತೂ ಉಳಿದಿಲ್ಲ. ಮುತ್ಯಾ ತಲೆಯೆತ್ತಿ ಆಕಾಶ ನೋಡಿದ.

"ಸತ್ತ ಮ್ಯಾಲಿನ ಮನಿ ಗಟ್ಟಿ ಅದ. ಬದುಕಿದ್ದಾಗಿನ ಮನಿ ಬಿದ್ದದ. ಎಂಥಾ ಗೌಂಡಿಗೋಳೋ!"

ಕಡೆಯ ಸುಲ್ತಾನ ಸಿಕಂದರ್‌ನ ಕಥೆ ಹೇಳಿದೆ. ನಾಲ್ಕು ವರ್ಷದವನಿದ್ದಾಗ ಪಟ್ಟಕ್ಕೆ ಬಂದವನು. 1686ರಲ್ಲಿ ಔರಂಗಜೇಬ ಊರನ್ನು ಗೆದ್ದಾಗ ಅವನಿಗೆ ಹದಿನೆಂಟು. ಬೆಳ್ಳಿಯ ಸರಪಳಿ ತೊಡಿಸಿ ಇಲ್ಲೇ ಔರಂಗಜೇಬನ ಮುಂದೆ ನಿಲ್ಲಿಸಿದರಂತೆ, ಅರಮನೆ ಬಿಡಿಸಿದರಂತೆ ಎಂದೆ. ನನ್ನದೇ ವಯಸ್ಸಿನವನು ಎಂದು ದನಿ ಸ್ವಲ್ಪ ಭಾರ ಮಾಡಿಕೊಂಡೇ ಹೇಳಿದೆ.

ಮುತ್ಯಾ ಬಹಳ ಹೊತ್ತು ಲೆಕ್ಕ ಹಾಕಿದ.

"ಬೆಳ್ಳೀದು ಅಂದ್ರ," ಎಂದ, "ಅಡ್ವಾನ್ಸ್ ತಿರುಗಿ ಕೊಟ್ಟಾರ ಬಿಡು. ಮಾಲಕ ಚಲೋ ಮನಶ್ಯಾ ಅದಾನ."